ಅಳಗುಳಿ ಮಣೆಯಿಂದ ಕೀಲಿಮಣೆಗೆ

ಒಂದು ಸಣ್ಣ ಪ್ರಶ್ನೆಯಿಂದ ಮಾತು ಆರಂಭಿಸುತ್ತೇನೆ. ಚಾಮರಾಜನಗರ ಮತ್ತು ಗುಂಡ್ಲುಪೇಟೆ, ಈ ಎರಡು ಊರುಗಳ ಹೆಸರಿನಲ್ಲಿ ಯಾವುದು ಉದ್ದ? ಬೆರಳು ಮಡಿಸಿ ಎಣಿಸಿ ನೋಡಿ. ಚಾ-ಮ-ರಾ-ಜ-ನ-ಗ-ರ, ಏಳು ಅಕ್ಷರ. ಗುಂ-ಡ್ಲು-ಪೇ-ಟೆ, ನಾಲ್ಕೇ ಅಕ್ಷರ. ಚಾಮರಾಜನಗರವೇ ಉದ್ದ ಎನ್ನುತ್ತೀರಿ, ಅಲ್ಲವೇ? ಇದೇ ಪ್ರಶ್ನೆಯನ್ನು ಕಂಪ್ಯೂಟರಿಗೆ ಕೇಳಿದರೆ ಅದು ಚಾಮರಾಜನಗರಕ್ಕೆ 9 ಎನ್ನುತ್ತದೆ, ಗುಂಡ್ಲುಪೇಟೆಗೆ 11 ಎನ್ನುತ್ತದೆ. ಯಾರ ಲೆಕ್ಕ ಸರಿ? ಉತ್ತರ ಸ್ವಲ್ಪ ಹೊತ್ತು ನಿಮ್ಮ ಬಳಿಯೇ ಇರಲಿ. ಆಮೇಲೆ ಅದಕ್ಕೆ ಬರೋಣ.

ಈ ಪ್ರಶ್ನೆಯನ್ನು ನಾನು ಕೇಳಿದ್ದು ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ. ವಿದ್ಯಾರ್ಥಿಗಳಿಗಾಗಿ ಒಂದು ಕಾರ್ಯಕ್ರಮವನ್ನು ಚಿತ್ರೀಕರಿಸಲು ನಮ್ಮ ತಂಡ ಅಲ್ಲಿಗೆ ಹೋಗಿತ್ತು. ಆ ಜಿಲ್ಲೆಯಲ್ಲೇ ಹುಟ್ಟಿ ಬೆಳೆದು, ಬೆಂಗಳೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಕೆಲಸ ಮಾಡುತ್ತಿರುವ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ತಮ್ಮ ಮೆಚ್ಚಿನ ಸಂಗತಿಗಳನ್ನು ವಿದ್ಯಾರ್ಥಿಗಳ ಮುಂದೆ ಹೇಳಬೇಕು ಎಂಬುದು ನಮ್ಮ ಯೋಜನೆ. ಅವರ ಊರು ತೆರಕಣಾಂಬಿಯ ಹತ್ತಿರದ ಒಂದು ಹಳ್ಳಿ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ತೆರಕಣಾಂಬಿ ಸಿಗುತ್ತದೆ. ಹೆಸರು ಬೇಡ ಎಂದು ಅವರು ಕೇಳಿಕೊಂಡಿದ್ದರಿಂದ ಇಲ್ಲಿ ಅವರನ್ನು ಎಂಜಿನಿಯರ್ ಎಂದೇ ಕರೆಯುತ್ತೇನೆ.

ಅವರು ತಂದಿದ್ದ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿಗಳಿದ್ದವು. ಎಡಗಡೆ ಹಾಡು, ಸಿನಿಮಾ, ಕತೆ, ಆಟಗಳ ಹೆಸರು. ಬಲಗಡೆ ಪ್ರೋಗ್ರಾಮಿಂಗ್ ಭಾಷೆ, ಪುಸ್ತಕ, ಪಾಠ, ತಂತ್ರಾಂಶಗಳ ಹೆಸರು. ನಿರ್ಮಾಪಕನಾದ ನನಗೆ ಥಟ್ಟನೆ ಹೊಳೆದದ್ದು, ಇವನ್ನು ಎರಡು ಕಂತು ಮಾಡಬಹುದಲ್ಲ ಎಂಬುದು. ಒಂದು ಮನರಂಜನೆಯದು, ಇನ್ನೊಂದು ಶಿಕ್ಷಣದ್ದು. ಅವರು ತಲೆಯಾಡಿಸಿ, "ಬೇಡಿ, ಎರಡನ್ನೂ ಬೇರೆ ಮಾಡಿದರೆ ನಾನು ಹೇಳಬೇಕಾದದ್ದೇ ಉಳಿಯುವುದಿಲ್ಲ" ಎಂದರು. ಅವರು ಹೇಳಿದ್ದರ ಅರ್ಥ ನನಗೆ ತಿಳಿದದ್ದು ಆ ದಿನ ಸಂಜೆಗೆ.

ಚಿತ್ರೀಕರಣ ಇನ್ನೂ ಶುರುವಾಗಿರಲಿಲ್ಲ. ಮೊದಲ ಬೆಂಚಿನಲ್ಲಿದ್ದ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "ಸರ್, ನಾನು ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಪ್ರೋಗ್ರಾಮಿಂಗ್ ಪೇಪರಿನಲ್ಲಿ ಎರಡು ಸಲ ಫೇಲಾಗಿದ್ದೀನಿ. ಮನೇಲಿ ಕಂಪ್ಯೂಟರ್ ಇಲ್ಲ. ಇದು ನಿನಗಲ್ಲ, ಬಿಟ್ಟುಬಿಡು ಅಂತ ಎಲ್ಲರೂ ಅಂತಾರೆ. ಬಿಟ್ಟುಬಿಡಲಾ ಸರ್?" ತರಗತಿ ಸ್ತಬ್ಧವಾಯಿತು. ಕೆಲವರು ನಕ್ಕರು. ಎಂಜಿನಿಯರ್ ನಗಲಿಲ್ಲ. "ನೋಡವ್ವ, ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ನನ್ನ ಪಟ್ಟಿ ಪೂರ್ತಿ ಓದಿ ಹೇಳ್ತೀನಿ, ಆಮೇಲೆ ನೀನೇ ತೀರ್ಮಾನ ಮಾಡು" ಎಂದರು. ಆ ಪಟ್ಟಿಯಲ್ಲಿದ್ದ ಕೆಲವನ್ನು ಈಗ ನಿಮ್ಮ ಮುಂದಿಡುತ್ತೇನೆ.

ಪಟ್ಟಿಯಲ್ಲಿ ಮೊದಲನೆಯದು ಅಳಗುಳಿ ಮಣೆ. ನಿಮ್ಮಲ್ಲಿ ಅನೇಕರ ಮನೆಯ ಅಟ್ಟದ ಮೇಲೆ ಈಗಲೂ ಒಂದು ಇರಬಹುದು. ಮರದ ಹಲಗೆಯಲ್ಲಿ ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳು. ಗುಳಿಗೆ ಐದರಂತೆ ಹುಣಸೆ ಬೀಜ ಹಾಕಿದರೆ ಒಟ್ಟು 70. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತಾ ಹೋಗಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯಿಂದ ಎತ್ತಿ ಆಟ ಮುಂದುವರಿಸಬೇಕು. ಆ ಗುಳಿ ಬರಿದಾಗಿದ್ದರೆ ಅದರ ಆಚೆಯ ಗುಳಿಯಲ್ಲಿರುವುದು ನಿಮ್ಮ ಗೆಲುವು, ನಿಮ್ಮ ಸರದಿ ಅಲ್ಲಿಗೆ ಮುಗಿಯಿತು. ಊರಿಂದೂರಿಗೆ ನಿಯಮ ಸ್ವಲ್ಪ ಬದಲಾಗುತ್ತದೆ. ಇದು ಎಂಜಿನಿಯರ್ ಮನೆಯ ನಿಯಮ.

ಅವರು ತಾವಾಗಿ ಬರೆದ ಮೊದಲ ಪ್ರೋಗ್ರಾಂ ಈ ಆಟದ್ದೇ. ಗುಳಿಗಳಿಗೆ 0ಯಿಂದ 13ರವರೆಗೆ ಸಂಖ್ಯೆ ಕೊಟ್ಟರು. ಹದಿಮೂರನೆಯ ಗುಳಿಯಾದ ಮೇಲೆ ಮತ್ತೆ ಸೊನ್ನೆಯ ಗುಳಿಗೆ ಬರಬೇಕಲ್ಲ, ಅದನ್ನು ಕಂಪ್ಯೂಟರಿಗೆ ಹೇಳುವುದು ಹೇಗೆ? ಗುಳಿಯ ಸಂಖ್ಯೆಗೆ ಒಂದು ಕೂಡಿಸಿ 14ರಿಂದ ಭಾಗಿಸಿ ಶೇಷವನ್ನು ತೆಗೆದುಕೊಂಡರೆ ಆಯಿತು. 5ಕ್ಕೆ ಒಂದು ಕೂಡಿಸಿದರೆ 6, ಶೇಷವೂ 6. 13ಕ್ಕೆ ಒಂದು ಕೂಡಿಸಿದರೆ 14, ಶೇಷ ಸೊನ್ನೆ. ಪ್ರಾಥಮಿಕ ಶಾಲೆಯಲ್ಲಿ ಭಾಗಾಕಾರ ಕಲಿಯುವಾಗ ಉಳಿದು ಹೋಗುತ್ತಿದ್ದ ಶೇಷ ಇಲ್ಲಿ ಹಲಗೆಯನ್ನೇ ದುಂಡಗೆ ಮಾಡಿಬಿಟ್ಟಿತು! ಗಡಿಯಾರದ ಮುಳ್ಳು, ವಾರದ ದಿನಗಳು, ಹೀಗೆ ಸುತ್ತಿ ಬರುವ ಯಾವುದಕ್ಕಾದರೂ ಇದೇ ಉಪಾಯ ಸಾಕು.

ಆದರೆ ಆ ಪ್ರೋಗ್ರಾಮಿನಲ್ಲಿ ಒಂದು ತಪ್ಪಿತ್ತು. ಮೊದಲ ಬಾರಿ ಐದು ಬೀಜ ಬಿಟ್ಟ ಕೂಡಲೇ ಒಟ್ಟು ಮೊತ್ತ 70ರಿಂದ 75ಕ್ಕೆ ಏರಿತು. ಎರಡು ದಿನ ತಲೆ ಕೆಡಿಸಿಕೊಂಡರೂ ದೋಷ ಸಿಗಲಿಲ್ಲ. ರಜೆಗೆ ಊರಿಗೆ ಹೋದಾಗ ಅದನ್ನೆಲ್ಲ ಅಜ್ಜಿಗೆ ಹೇಳಿದರು. ಓದು ಬರಹ ಬಾರದ ಅಜ್ಜಿ ಮಣೆ ತಂದಿಟ್ಟು, ಮೊಮ್ಮಗ ಹೇಳಿದಂತೆಯೇ ಒಂದೊಂದೇ ಹೆಜ್ಜೆ ಆಡಿ ನೋಡಿದರು. ಆಮೇಲೆ ಹೇಳಿದರಂತೆ: "ಗುಳಿ ಬರಿದು ಮಾಡು ಅಂತ ನೀ ಹೇಳ್ನೇ ಇಲ್ವಲ್ಲ. ಬರಿದು ಮಾಡ್ದೆ ಬುಟ್ಕಂಡು ಹೋದ್ರ ಕಾಯಿ ಹೆಚ್ಚದೆ ಇನ್ನೇನಾದ್ದು ಮಗ?" ಬೀಜ ಎತ್ತಿಕೊಂಡ ಗುಳಿಯನ್ನು ಸೊನ್ನೆ ಮಾಡಬೇಕೆಂಬ ಒಂದು ಸಾಲು ಬರೆಯುವುದು ಮರೆತು ಹೋಗಿತ್ತು. ಮನುಷ್ಯನಿಗೆ ಅದನ್ನು ಹೇಳಬೇಕಾಗಿಲ್ಲ. ಯಂತ್ರಕ್ಕೆ ಹೇಳಲೇಬೇಕು.

ಇಲ್ಲಿ ನೀವು ಗಮನಿಸಬೇಕಾದದ್ದು ಎರಡು. ಒಂದು, ಕಂಪ್ಯೂಟರ್ ಇಲ್ಲದೆಯೂ ಪ್ರೋಗ್ರಾಮಿನ ದೋಷ ಹುಡುಕಬಹುದು. ಪ್ರತಿಯೊಂದು ಹೆಜ್ಜೆಯನ್ನೂ ಕೈಯಿಂದ ಮಾಡಿ ನೋಡುವ ಈ ಕ್ರಮಕ್ಕೆ ವೃತ್ತಿಯವರು ಡ್ರೈ ರನ್ ಎನ್ನುತ್ತಾರೆ. ಎರಡು, ಆಟ ಎಷ್ಟೇ ಮುಂದೆ ಹೋದರೂ ಗುಳಿ, ಕೈ ಮತ್ತು ಗೆದ್ದ ರಾಶಿ ಮೂರನ್ನೂ ಸೇರಿಸಿದರೆ ಮೊತ್ತ 70 ಆಗಿಯೇ ಇರಬೇಕು. ಬದಲಾಗದ ಇಂಥ ಒಂದು ಮೊತ್ತವನ್ನು ಮೊದಲೇ ಗುರುತಿಸಿಟ್ಟುಕೊಂಡರೆ ದೋಷ ಎಲ್ಲಿ ಹೊಕ್ಕಿತೆಂದು ಹಿಡಿಯುವುದು ಸುಲಭ. ಬ್ಯಾಂಕಿನ ಲೆಕ್ಕದ ತಂತ್ರಾಂಶದಲ್ಲೂ ಇದೇ ತತ್ತ್ವ. ಒಂದು ಖಾತೆಯಿಂದ ಹೋದದ್ದು ಇನ್ನೊಂದಕ್ಕೆ ಬರಬೇಕು, ನಡುವೆ ಹುಟ್ಟಲೂ ಬಾರದು, ಕಳೆಯಲೂ ಬಾರದು.

ಪಟ್ಟಿಯಲ್ಲಿ ಎರಡನೆಯದು ಚಂದಮಾಮದ ಬೇತಾಳ. ಆ ಮಾಸಪತ್ರಿಕೆ ಈಗ ನಿಂತು ಹೋಗಿದೆ, ಆದರೆ ನಿಮ್ಮ ತಂದೆತಾಯಿಯರನ್ನು ಕೇಳಿ ನೋಡಿ. ಪ್ರತಿ ತಿಂಗಳೂ ವಿಕ್ರಮ ಮರದಿಂದ ಶವವನ್ನಿಳಿಸಿ ಹೆಗಲಿಗೇರಿಸುತ್ತಾನೆ. ಶವದೊಳಗಿನ ಬೇತಾಳ ಕತೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಹೋಳಾಗುತ್ತದೆ, ಹೇಳಿದರೆ ಮೌನ ಮುರಿದು ಬೇತಾಳ ಮರಕ್ಕೆ ಹಾರುತ್ತದೆ. ಮುಂದಿನ ತಿಂಗಳು ಮತ್ತೆ ಅದೇ ಮರ, ಅದೇ ಶವ. ಇದು ಪ್ರೋಗ್ರಾಮಿಂಗ್‌ನಲ್ಲಿ ಲೂಪ್ ಎಂದು ಕರೆಯುವ ಆವರ್ತನೆಯೇ. 'ರಾಜನಿಗೆ ಉತ್ತರ ಗೊತ್ತಿರುವವರೆಗೂ ಮಾಡು' ಎಂಬ ಷರತ್ತು ಅದರ ಬಾಗಿಲಲ್ಲಿ ನಿಂತಿದೆ. ಹಳೆಯ ಬೇತಾಳ ಪಂಚವಿಂಶತಿಯಲ್ಲಿ ಕೊನೆಗೊಂದು ಪ್ರಶ್ನೆಗೆ ರಾಜನಿಗೆ ಉತ್ತರವೇ ತೋಚದೆ ಸುಮ್ಮನಾಗುತ್ತಾನೆ, ಆವರ್ತನೆ ಮುಗಿಯುತ್ತದೆ. ಪತ್ರಿಕೆಯಲ್ಲಿ ಮಾತ್ರ ವರ್ಷಗಟ್ಟಲೆ ಮುಗಿಯಲಿಲ್ಲ. ಷರತ್ತು ಎಂದೂ ತಪ್ಪಾಗದಿದ್ದರೆ ಲೂಪ್ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಮೂರನೆಯದು ಮಲೆ ಮಾದೇಶ್ವರನ ಹಾಡು. ಇಲ್ಲಿ ಎಂಜಿನಿಯರ್ ದನಿ ಸ್ವಲ್ಪ ತಗ್ಗಿತು. ಅವರ ಅಜ್ಜ ದೇವರಗುಡ್ಡ. ಕಂಸಾಳೆ ಹಿಡಿದು ರಾತ್ರಿಯಿಡೀ ಮಾದಪ್ಪನ ಕತೆ ಹಾಡುತ್ತಿದ್ದವರು. 1996ರಲ್ಲಿ ಟಿ.ಎಸ್. ನಾಗಾಭರಣ ಅವರ 'ಜನುಮದ ಜೋಡಿ' ಬಂದಾಗ ಜಾನಪದ ಧಾಟಿಯ ಹಾಡುಗಳು ನಾಡಿನಲ್ಲೆಲ್ಲ ಮೊಳಗಿದವು. ಕೆಲವು ವರ್ಷಗಳ ನಂತರ ಇವರು ಎಂಜಿನಿಯರಿಂಗ್ ಸೇರಿದಾಗ ಹಾಸ್ಟೆಲಿನ ಗೆಳೆಯರು ಅದರ ಕ್ಯಾಸೆಟ್ ಹಾಕಿ ಕುಣಿಯುತ್ತಿದ್ದರು. "ಇಂಥ ಹಾಡು ನಮ್ಮಜ್ಜನ ಬಾಯಲ್ಲಿ ಕೇಳಿದ್ದೀನಿ ಅಂತ ನಾನು ಒಂದು ದಿನವೂ ಹೇಳಲಿಲ್ಲ. ಹಳ್ಳಿಯವನು ಅಂದುಬಿಡ್ತಾರೆ ಅಂತ ನಾಚಿಕೆ. ನನಗೆ ಗೊತ್ತಿದ್ದದ್ದನ್ನೆಲ್ಲ ಹೊರಗಿಟ್ಟು ತರಗತಿಗೆ ಹೋಗ್ತಿದ್ದೆ. ಆದ್ದರಿಂದಲೇ ತರಗತಿಯಲ್ಲಿ ಏನೂ ಅರ್ಥವಾಗ್ತಿರಲಿಲ್ಲ" ಎಂದರು. ಮೊದಲ ವರ್ಷದ ಕೊನೆಗೆ ಟ್ರಂಕು ಕಟ್ಟಿಕೊಂಡು ಊರಿಗೆ ಹೊರಟೇ ಬಿಟ್ಟಿದ್ದರಂತೆ.

ಅವರನ್ನು ಹಿಂದಕ್ಕೆ ಕರೆತಂದದ್ದು ಅದೇ ಹಾಡು. ಊರಿನಲ್ಲಿ ಒಂದು ರಾತ್ರಿ ಅಜ್ಜ ಹಾಡುತ್ತಿದ್ದಾಗ ಗಮನಿಸಿದರು. ಮುಖ್ಯ ಗಾಯಕ ಕತೆಯ ಸಾಲು ಹಾಡುತ್ತಾನೆ, ಹಿಮ್ಮೇಳದವರು ಪ್ರತಿ ಸಲವೂ ಅದೇ ಸೊಲ್ಲನ್ನು ತಿರುಗಿ ಹಾಡುತ್ತಾರೆ. ಸೊಲ್ಲು ನಡೆಯುವಷ್ಟು ಹೊತ್ತಿನಲ್ಲಿ ಗಾಯಕ ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳುತ್ತಾನೆ. ಹಾಡನ್ನು ಪುಸ್ತಕಕ್ಕೆ ಬರೆದುಕೊಳ್ಳುವವರು ಸೊಲ್ಲನ್ನು ಪ್ರತಿಸಲವೂ ಬರೆಯುವುದಿಲ್ಲ. ಒಮ್ಮೆ ಬರೆದು, ಮುಂದೆ ಅದು ಬರುವ ಕಡೆ 'ಸೊಲ್ಲು' ಎಂದು ಗುರುತು ಹಾಕುತ್ತಾರೆ. ತರಗತಿಯಲ್ಲಿ ಅರ್ಥವಾಗದೆ ಹೋಗಿದ್ದ ಫಂಕ್ಷನ್ ಎಂಬ ಪಾಠ ಇದೇ ಅಲ್ಲವೇ? ಒಮ್ಮೆ ಬರೆ, ಹೆಸರಿಡು, ಬೇಕಾದಾಗ ಹೆಸರು ಹಿಡಿದು ಕರೆ. ಮರುದಿನವೇ ಟ್ರಂಕು ಹಾಸ್ಟೆಲಿಗೆ ಮರಳಿತು.

ಪಿ.ಕೆ. ರಾಜಶೇಖರ ಅವರಂಥ ವಿದ್ವಾಂಸರು 1970ರ ದಶಕದಲ್ಲೇ ಮಾದೇಶ್ವರನ ಕಾವ್ಯವನ್ನು ಹಾಡುಗಾರರಿಂದ ಕೇಳಿ ಬರೆದು ಅಚ್ಚು ಮಾಡಿಸಿದ್ದಾರೆ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇದ್ದರೆ ತೆಗೆದು ನೋಡಿ. ಕಾಗದ ಲೇಖನಿಯ ನೆರವಿಲ್ಲದೆ ಅಷ್ಟು ದೊಡ್ಡ ಕಾವ್ಯ ತಲೆಮಾರುಗಳನ್ನು ದಾಟಿ ಬಂದದ್ದು ಅದರ ಕಟ್ಟಡದ ಬಲದಿಂದ ಎಂಬುದು ಗೊತ್ತಾಗುತ್ತದೆ.

ನಾಲ್ಕನೆಯದು ಸಿನಿಮಾ. ಡಾ. ರಾಜಕುಮಾರ್ ಹುಟ್ಟಿದ ಗಾಜನೂರು ಚಾಮರಾಜನಗರದ ಗಡಿಗೆ ಹತ್ತಿಕೊಂಡಂತೆ ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. ಈ ಕಡೆಯವರಿಗೆಲ್ಲ ಅವರು ಮನೆಯ ಹಿರಿಯನಂತೆ. ಎಂಜಿನಿಯರ್ ಬರೆದಿದ್ದದ್ದು 'ಕಸ್ತೂರಿ ನಿವಾಸ'. 1971ರಲ್ಲಿ ಕಪ್ಪುಬಿಳುಪಿನಲ್ಲಿ ಬಂದ ಈ ಚಿತ್ರಕ್ಕೆ ಕಂಪ್ಯೂಟರ್ ಮೂಲಕ ಬಣ್ಣ ತುಂಬಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದರು. ಜನ ಮತ್ತೆ ಥಿಯೇಟರಿಗೆ ಹೋಗಿ ನೋಡಿದರು. ಈಗ ಒಂದು ಲೆಕ್ಕ ಮಾಡಿ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು. ಎರಡೂವರೆ ಗಂಟೆಯ ಚಿತ್ರವೊಂದರಲ್ಲಿ ಎಷ್ಟು? 24ನ್ನು 3,600ರಿಂದ, ಅದನ್ನು ಎರಡೂವರೆಯಿಂದ ಗುಣಿಸಿದರೆ 2,16,000. ಎರಡು ಲಕ್ಷಕ್ಕೂ ಹೆಚ್ಚು ಚಿತ್ರಗಳಿಗೆ ಕುಂಚ ಹಿಡಿದು ಬಣ್ಣ ಬಳಿಯಲು ಯಾರಿಗೆ ಸಾಧ್ಯ?

ಇಂಥ ಕೆಲಸದಲ್ಲಿ ಮನುಷ್ಯ ಮತ್ತು ಯಂತ್ರ ಹಂಚಿಕೊಳ್ಳುವ ರೀತಿ ಹೀಗೆ. ಒಂದು ದೃಶ್ಯದ ಮುಖ್ಯ ಚೌಕಟ್ಟಿಗೆ ಕಲಾವಿದ ಬಣ್ಣ ಆರಿಸುತ್ತಾನೆ. ಇದು ಪಂಚೆ, ಇದು ಗೋಡೆ, ಇದು ಆಕಾಶ. ಮುಂದಿನ ಚೌಕಟ್ಟಿನಲ್ಲಿ ಆ ಪಂಚೆ ಎಲ್ಲಿಗೆ ಸರಿಯಿತೆಂದು ತಂತ್ರಾಂಶ ಹುಡುಕಿ ಅದೇ ಬಣ್ಣವನ್ನು ಅಲ್ಲಿಗೆ ಒಯ್ಯುತ್ತದೆ. ಎಲ್ಲಿ ತಪ್ಪಿತೋ ಅಲ್ಲಿ ಮನುಷ್ಯ ತಿದ್ದುತ್ತಾನೆ. ಯಾವ ಬಣ್ಣ ಒಪ್ಪುತ್ತದೆ ಎಂಬ ರುಚಿ ಕಲಾವಿದನದು, ಎರಡು ಲಕ್ಷ ಸಲ ಬೇಸರವಿಲ್ಲದೆ ಮಾಡುವ ತಾಳ್ಮೆ ಯಂತ್ರದ್ದು. ಸಿನಿಮಾ ನೋಡುವಾಗ 'ಇದನ್ನು ಹೇಗೆ ಮಾಡಿರಬಹುದು' ಎಂದು ಒಮ್ಮೆ ಕೇಳಿಕೊಂಡರೂ ಸಾಕು, ನೀವು ಬಲಗಡೆಯ ಪಟ್ಟಿಗೆ ಕಾಲಿಟ್ಟಂತೆ.

ಈಗ ಬಲಗಡೆಯ ಪಟ್ಟಿಯನ್ನು ನೋಡೋಣ. ಅಲ್ಲಿದ್ದ ಮೊದಲ ಹೆಸರು ಪೈಥಾನ್. ಹೆಬ್ಬಾವಿಗೂ ಇದಕ್ಕೂ ಸಂಬಂಧವಿಲ್ಲ. ನೆದರ್‌ಲ್ಯಾಂಡ್ಸಿನ ಗೈಡೋ ವಾನ್ ರಾಸಮ್ 1991ರಲ್ಲಿ ಈ ಪ್ರೋಗ್ರಾಮಿಂಗ್ ಭಾಷೆಯನ್ನು ಹೊರತಂದಾಗ ತಾವು ಮೆಚ್ಚಿದ್ದ 'ಮಾಂಟಿ ಪೈಥಾನ್' ಎಂಬ ಬಿಬಿಸಿ ಹಾಸ್ಯ ಕಾರ್ಯಕ್ರಮದ ಹೆಸರನ್ನಿಟ್ಟರು. ಮಕ್ಕಳಿಗಾಗಿ ಅಮೆರಿಕದ ಎಂಐಟಿಯಲ್ಲಿ ರೂಪಿಸಿ 2007ರಲ್ಲಿ ಬಿಡುಗಡೆಯಾದ ಸ್ಕ್ರ್ಯಾಚ್ ಎಂಬುದು ಇನ್ನೊಂದು. ಇದರಲ್ಲಿ ಆಜ್ಞೆಗಳನ್ನು ಬಣ್ಣದ ತುಂಡುಗಳಂತೆ ಜೋಡಿಸಿದರೆ ಸಾಕು. ಗ್ರಾಮಫೋನ್ ತಟ್ಟೆಯನ್ನು ಬೆರಳಿನಿಂದ ಹಿಂದೆಮುಂದೆ ಉಜ್ಜಿ ಹೊಸ ಸಂಗೀತ ಹೊರಡಿಸುವವರ ಕೈಚಳಕದಿಂದ ಅದರ ಹೆಸರು ಬಂತು. ನೋಡಿದಿರಾ, ಜಗತ್ತಿನ ದೊಡ್ಡ ತಂತ್ರಜ್ಞರೂ ತಮ್ಮ ಟಿವಿ ಕಾರ್ಯಕ್ರಮವನ್ನು, ತಮ್ಮ ಬೀದಿಯ ಸಂಗೀತವನ್ನು ಹೊರಗೆ ಬಿಟ್ಟು ಬರಲಿಲ್ಲ. ನೀವೇಕೆ ಬಿಡಬೇಕು?

ಇಂಗ್ಲಿಷಿನ ಭಯಕ್ಕೆ ಎಂಜಿನಿಯರ್ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. "ಪೈಥಾನ್ ಭಾಷೆಯಲ್ಲಿ ಮೀಸಲು ಪದಗಳು ಎಷ್ಟು ಗೊತ್ತೇ? 35. ಸಿ ಭಾಷೆಯ ಮೊದಲ ಪ್ರಮಾಣಿತ ರೂಪದಲ್ಲಿ 32. ನಿಮ್ಮ ಊರಿನ ದಿನಸಿ ಅಂಗಡಿಯಲ್ಲಿರುವ ಸಾಮಾನುಗಳ ಹೆಸರು ಇದಕ್ಕಿಂತ ಹೆಚ್ಚು!" ಉಳಿದ ಹೆಸರುಗಳನ್ನು ಪ್ರೋಗ್ರಾಂ ಬರೆಯುವವರೇ ಇಡುತ್ತಾರೆ. 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಆ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಗುಳಿ, ಕೈ, ಗೆಲುವು ಎಂದೇ ಬರೆಯಬಹುದು. ಹಾಗೆಂದು ಇಂಗ್ಲಿಷ್ ಬೇಡವೆಂದು ಅವರು ಹೇಳಲಿಲ್ಲ. ಕೈಪಿಡಿ ಓದಲು, ದೋಷದ ಸೂಚನೆ ಅರ್ಥ ಮಾಡಿಕೊಳ್ಳಲು, ಕೆಲಸದ ಜಾಗದಲ್ಲಿ ಮಾತಾಡಲು ಅದು ಬೇಕು. "ಆದರೆ ಇಂಗ್ಲಿಷ್ ಕಲಿತ ಮೇಲೆ ಪ್ರೋಗ್ರಾಮಿಂಗ್ ಎಂದು ಕಾಯಬೇಡಿ. ಎರಡನ್ನೂ ಒಟ್ಟಿಗೆ ಕಲಿಯಿರಿ. ದಿನಕ್ಕೆ ಎರಡು ಪದ ನೋಟ್‌ಬುಕ್ಕಿಗೆ ಬರೆದುಕೊಳ್ಳಿ" ಎಂದರು.

ಪದ ಎಂದ ಮೇಲೆ ಪಟ್ಟಿಯಲ್ಲಿದ್ದ 'ಅಲರ್' ನಿಘಂಟನ್ನು ಹೇಳಲೇಬೇಕು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷದಷ್ಟು ಪದಗಳ ಈ ಭಂಡಾರವನ್ನು 2019ರಲ್ಲಿ ಅಂತರ್ಜಾಲಕ್ಕೆ ತಂದು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಇನ್ನೊಂದು 'ವಚನ ಸಂಚಯ'. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ನಿಮಗೆ ಬೇಕಾದ ಪದ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಹುಡುಕಿಕೊಡುತ್ತದೆ. ಸಾಹಿತ್ಯ ಬಲ್ಲವರು ಮತ್ತು ತಂತ್ರಾಂಶ ಬಲ್ಲವರು ಜೊತೆಯಾಗಿ ಬಿಡುವಿನ ವೇಳೆಯಲ್ಲಿ ಕಟ್ಟಿದ್ದು ಇದು. ಬಸವಣ್ಣನವರನ್ನು ಇಷ್ಟಪಡುವ ಎಂಜಿನಿಯರ್ ಏನು ಮಾಡಬಲ್ಲ ಎಂದು ಯಾರಾದರೂ ಕೇಳಿದರೆ ಇದನ್ನು ತೋರಿಸಬಹುದು.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆದ್ದರಿಂದ ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ಇದೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟರು. ಅ ಅಕ್ಷರಕ್ಕೆ 3205, ಕ ಅಕ್ಷರಕ್ಕೆ 3221. ಆದರೆ ನಮ್ಮ ಕಾಗುಣಿತ ಮತ್ತು ಒತ್ತಕ್ಷರಗಳಿಗೆಲ್ಲ ಒಂದೊಂದು ಮನೆ ಕೊಡಲಾಗುತ್ತದೆಯೇ? ಕೊಟ್ಟಿದ್ದರೆ ಸಾವಿರಾರು ಮನೆಗಳು ಬೇಕಾಗುತ್ತಿದ್ದವು. ಅದಕ್ಕಾಗಿ ಮೂಲಾಕ್ಷರಕ್ಕೊಂದು ಸಂಖ್ಯೆ, ಸ್ವರದ ಗುರುತಿಗೊಂದು, ಅನುಸ್ವಾರಕ್ಕೊಂದು, ಅಕ್ಷರಗಳನ್ನು ಕೂಡಿಸುವ ಹಲಂತಕ್ಕೊಂದು. ಈಗ ಗುಂಡ್ಲುಪೇಟೆಯನ್ನು ಬಿಡಿಸಿ: ಗ, ಉಕಾರ, ಸೊನ್ನೆ, ಡ, ಹಲಂತ, ಲ, ಉಕಾರ, ಪ, ಏಕಾರ, ಟ, ಎಕಾರ. ಹನ್ನೊಂದು! ಚಾಮರಾಜನಗರದಲ್ಲಿ ಏಳು ಮೂಲಾಕ್ಷರ, ಎರಡು ದೀರ್ಘ, ಒಟ್ಟು ಒಂಬತ್ತು. ಮನುಷ್ಯ ಎಣಿಸಿದ್ದು ಬಾಯಿಗೆ ಬರುವ ಅಕ್ಷರವನ್ನು, ಯಂತ್ರ ಎಣಿಸಿದ್ದು ಅದರ ಬಿಡಿಭಾಗಗಳನ್ನು. ಎರಡು ಲೆಕ್ಕವೂ ಸರಿ.

ಕೀಲಿಮಣೆಯ ವಿಷಯದಲ್ಲೂ ಇದೇ ತತ್ತ್ವ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಕೀಲಿಮಣೆಯಲ್ಲಿ ಇಡೀ ಕನ್ನಡವನ್ನು ಮೂಡಿಸುವ ವಿನ್ಯಾಸವನ್ನು ರೂಪಿಸಿದವರು ಕೆ.ಪಿ. ರಾವ್. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಎರಡು ಅಕ್ಷರಗಳನ್ನು ಕೂಡಿಸಲು ಎಫ್ ಕೀಲಿ. ಈ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಕ್ಕೆ ಆಧಾರವಾಯಿತು. ಶೇಷಾದ್ರಿವಾಸು 1998ರಲ್ಲಿ ಹೊರತಂದ 'ಬರಹ' ಇನ್ನೊಂದು ಮೈಲಿಗಲ್ಲು. ಇವರ ಮುಂದೆ ಕನ್ನಡ ವ್ಯಾಕರಣದ ಪಾಠವೂ ಇತ್ತು, ಯಂತ್ರದ ಪಾಠವೂ ಇತ್ತು. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿ ಮರೆತ ವರ್ಣಮಾಲೆಯ ವರ್ಗಗಳೇ, ಅಂದರೆ ಕ-ಖ, ಗ-ಘ ಎಂಬ ಜೋಡಿಗಳೇ, ಶಿಫ್ಟ್ ಕೀಲಿಯಲ್ಲಿ ಕುಳಿತಿವೆ ಎಂಬುದನ್ನು ಗಮನಿಸಿ.

ಕನ್ನಡದಲ್ಲೇ ಆಜ್ಞೆ ಕೊಟ್ಟು ಪ್ರೋಗ್ರಾಂ ಬರೆಯಲು ಸಾಧ್ಯವೇ ಎಂದು ಒಬ್ಬ ಹುಡುಗ ಕೇಳಿದ. ಸಾಧ್ಯ. ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಭಾಷೆ ಮಾಡಿದರು. ಆಮೆಯೊಂದಕ್ಕೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಹೇಳಿ ಚಿತ್ರ ಬರೆಯಿಸುವ ಭಾಷೆ ಅದು. ಅದರ ಕನ್ನಡ ರೂಪವನ್ನು ಡಾ. ಯು.ಬಿ. ಪವನಜ ಸಿದ್ಧಪಡಿಸಿದ್ದಾರೆ. ಅಂಗಳದ ರಂಗೋಲಿ ಬಲ್ಲವರಿಗೆ ಇದು ನೀರು ಕುಡಿದಷ್ಟು ಸುಲಭ. ಚೌಕ ಬರೆಯಲು ಆಮೆ ನಾಲ್ಕು ಸಲ 90 ಡಿಗ್ರಿ ತಿರುಗಬೇಕು. ಸಮಬಾಹು ತ್ರಿಭುಜಕ್ಕೆ? 60 ಎನ್ನುತ್ತೀರಿ. ತಪ್ಪು! 120. ಏಕೆಂದರೆ ಆಮೆ ತಿರುಗುವುದು ಹೊರಕೋನದಷ್ಟು, ಮತ್ತು ಒಂದು ಸುತ್ತು ಮುಗಿಸಿ ಹೊರಟ ದಿಕ್ಕಿಗೇ ಮುಖ ಮಾಡಲು ಒಟ್ಟು 360 ಡಿಗ್ರಿ ತಿರುಗಿರಬೇಕು. ಹಾಗಾದರೆ ಷಡ್ಭುಜಕ್ಕೆ ಎಷ್ಟೆಂದು ನೀವೇ ಹೇಳಿ.

ಪಾಠಗಳಿಗಾಗಿ ಅವರು ಎರಡು ಹೆಸರು ಬರೆದಿದ್ದರು. ಒಂದು, ಐಐಟಿಗಳು ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ವಿಡಿಯೋ ಪಾಠಮಾಲೆ. ಇನ್ನೊಂದು, ಮುಂಬಯಿಯ ಐಐಟಿಯಿಂದ ಬಂದ ಸ್ಪೋಕನ್ ಟ್ಯುಟೋರಿಯಲ್. ಇದರಲ್ಲಿ ಹಲವು ಪಾಠಗಳಿಗೆ ಕನ್ನಡ ದನಿಯೂ ಇದೆ. ಎರಡನ್ನೂ ಮೊಬೈಲಿನಲ್ಲೇ ಉಚಿತವಾಗಿ ನೋಡಬಹುದು. ಪುಸ್ತಕ ಎಂದು ಬರೆದಿದ್ದದ್ದು ಒಂದೇ, ಕರ್ನಿಹನ್ ಮತ್ತು ರಿಚಿ 1978ರಲ್ಲಿ ಬರೆದ ಸಿ ಭಾಷೆಯ ತೆಳ್ಳನೆಯ ಪುಸ್ತಕ. 'ಜಗತ್ತಿಗೆ ನಮಸ್ಕಾರ' ಎಂದು ಪರದೆಯ ಮೇಲೆ ಮೂಡಿಸುವ ಮೊದಲ ಪಾಠ ಲೋಕದಲ್ಲೆಲ್ಲ ಹಬ್ಬಿದ್ದು ಆ ಪುಸ್ತಕದಿಂದ. "ನೋಡಿ ಮುಗಿಸಿದ ಪಾಠಗಳನ್ನು ಲೆಕ್ಕ ಹಾಕಬೇಡಿ, ಕೈಯಾರೆ ಬರೆದ ಪ್ರೋಗ್ರಾಂ ಎಷ್ಟು ಎಂದು ಲೆಕ್ಕ ಹಾಕಿ" ಎಂಬುದು ಅವರ ಎಚ್ಚರಿಕೆ.

ಇಲ್ಲಿ ನನ್ನದೊಂದು ಮಾತು ಹೇಳಿಬಿಡುತ್ತೇನೆ. ನಾನು ಓದಿದ್ದು ಬಿ.ಎಸ್ಸಿ., ಭೌತಶಾಸ್ತ್ರ. ನಾನಿದ್ದ ಕಾಲೇಜಿನಲ್ಲಿ ಆರು ಜನಕ್ಕೊಂದು ಕಂಪ್ಯೂಟರ್. ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ಹಿಂದೆ ನಿಲ್ಲುತ್ತಿದ್ದೆವು. ಇಂಗ್ಲಿಷ್ ಚೆನ್ನಾಗಿ ಬಲ್ಲ ಇಬ್ಬರು ಮುಂದೆ ಕೂರುತ್ತಿದ್ದರು. ಮೂರು ವರ್ಷದಲ್ಲಿ ನಾನು ಕೀಲಿಮಣೆ ಮುಟ್ಟಿದ್ದು ನಾಲ್ಕೈದು ಸಲ ಇರಬಹುದು. ಅವಕಾಶ ಕೇಳಲು ನನಗೆ ಬಾಯಿ ಬರಲಿಲ್ಲ. ಪ್ರೋಗ್ರಾಮಿಂಗ್ ನನಗಲ್ಲ ಎಂದು ಆಗ ತೀರ್ಮಾನ ಮಾಡಿದವನು ನಲವತ್ತು ದಾಟಿದ ಮೇಲೂ ಅದನ್ನೇ ನಂಬಿಕೊಂಡಿದ್ದೆ. ಆ ದಿನ ಮಧ್ಯಾಹ್ನ ತೆರಕಣಾಂಬಿಯ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಎಂಜಿನಿಯರ್ ನನ್ನ ಕೈಯಲ್ಲಿ ಅಳಗುಳಿ ಮಣೆಯ ಹೆಜ್ಜೆಗಳನ್ನು ಕಾಗದದ ಮೇಲೆ ಬರೆಸಿದರು. ಒಂಬತ್ತು ಸಾಲಾಯಿತು. ಅಜ್ಜಿ ಹೇಳಿದ ಸಾಲನ್ನು ನಾನೂ ಮರೆತಿದ್ದೆ! ಆದರೆ ಇಪ್ಪತ್ತೈದು ವರ್ಷಗಳ ಹೆದರಿಕೆ ಒಂದು ಲೋಟ ಟೀ ಮುಗಿಯುವಷ್ಟರಲ್ಲಿ ಕರಗಿತು. ಆ ಹೆದರಿಕೆಯಿಂದಾಗಿ ಕಳೆದುಕೊಂಡ ವರ್ಷಗಳು ಮಾತ್ರ ಹಿಂದೆ ಬರುವುದಿಲ್ಲ. ಈ ಮಾತುಗಳನ್ನು ನಿಮಗಾಗಿ ಬರೆಯುತ್ತಿರುವುದು ಅದಕ್ಕಾಗಿಯೇ.

ಇನ್ನು ಆ ವಿದ್ಯಾರ್ಥಿನಿಯ ವಿಷಯ. ಚಿತ್ರೀಕರಣ ಮುಗಿದು ದೀಪಗಳನ್ನು ಇಳಿಸುತ್ತಿದ್ದೆವು. ಅವಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹದಿನಾಲ್ಕು ಸೊನ್ನೆ ಸುತ್ತಿ, ಪೆನ್ಸಿಲಿನಿಂದ ಅಂಕೆ ಬರೆದು ಅಳಿಸುತ್ತಾ ಕುಳಿತಿದ್ದಳು. ಆಮೇಲೆ ಎದ್ದು ಬಂದು ಕೇಳಿದಳು: "ಸರ್, ಮುಂದಿನ ಗುಳಿಯೂ ಬರಿದು, ಅದರಾಚೆಯ ಗುಳಿಯೂ ಬರಿದು ಅಂದರೆ ಏನು ಮಾಡೋದು? ನೀವು ಹೇಳಲೇ ಇಲ್ಲ."

ಎಂಜಿನಿಯರ್ ಒಂದು ಕ್ಷಣ ಸುಮ್ಮನಿದ್ದು, ನಂತರ ನಕ್ಕರು. "ನಮ್ಮ ಮನೆಯಲ್ಲಿ ಹಾಗಾದರೆ ಸಿಗುವುದು ಸೊನ್ನೆ, ಸರದಿ ಮುಗೀತು. ನಿಮ್ಮ ಮನೆಯಲ್ಲಿ ಹೇಗೋ ಅಜ್ಜಿಯನ್ನು ಕೇಳು. ಆದರೆ ಅವ್ವ, ಬರೆಯುವ ಮುಂಚೆಯೇ ಈ ಪ್ರಶ್ನೆ ಕೇಳಿದೆಯಲ್ಲ, ನಮ್ಮ ಆಫೀಸಿನಲ್ಲಿ ಇದನ್ನು ಕೇಳದೆ ಬರೆದು ಆಮೇಲೆ ರಾತ್ರಿಯಿಡೀ ತಿದ್ದುತ್ತಾ ಕೂರುತ್ತೇವೆ. ಬಿಟ್ಟುಬಿಡಲಾ ಅಂತ ಬೆಳಿಗ್ಗೆ ಕೇಳಿದ್ದೆ. ಈಗ ನೀನೇ ಹೇಳು" ಎಂದರು. ಅವಳು ಉತ್ತರ ಹೇಳಲಿಲ್ಲ. ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ಮೂರನೆಯ ಸಲ ಪರೀಕ್ಷೆ ಬರೆಯಲು ಶುಲ್ಕ ಕಟ್ಟಿದ್ದಾಳೆಂದು ಅವಳ ಅಧ್ಯಾಪಕರು ಆಮೇಲೆ ತಿಳಿಸಿದರು. ಫಲಿತಾಂಶ ಇನ್ನೂ ಬರಬೇಕಾಗಿದೆ.

ವಿದ್ಯಾರ್ಥಿ ಮಿತ್ರರೇ, ಈ ವಾರ ನೀವೂ ಒಂದು ಕೆಲಸ ಮಾಡಿ. ನೋಟ್‌ಬುಕ್ಕಿನ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ನಿಮಗೆ ಪ್ರಿಯವಾದ ಐದು ಸಂಗತಿ ಬರೆಯಿರಿ. ಕಬಡ್ಡಿ ಆಗಬಹುದು, ಚಿತ್ರಗೀತೆ ಆಗಬಹುದು, ಊರಹಬ್ಬದ ತಮಟೆಯ ಗತ್ತು ಆಗಬಹುದು. ಬಲಗಡೆ, ಅದನ್ನು ಏನೂ ತಿಳಿಯದ ಒಂದು ಯಂತ್ರಕ್ಕೆ ಹೆಜ್ಜೆಹೆಜ್ಜೆಯಾಗಿ ಹೇಳಿಕೊಡುವುದು ಹೇಗೆಂದು ಬರೆಯಿರಿ. ಎಲ್ಲಿ ಬರೆಯಲು ತೊಡಕಾಯಿತೋ ಅಲ್ಲಿಂದ ನಿಮ್ಮ ಕಲಿಕೆ ಶುರು. ಬರೆದುದನ್ನು ಮನೆಯ ಹಿರಿಯರೊಬ್ಬರಿಗೆ ಓದಿ ಹೇಳುವುದನ್ನು ಮಾತ್ರ ಮರೆಯಬೇಡಿ. ಗುಳಿ ಬರಿದು ಮಾಡಲು ನೀವು ಮರೆತಿದ್ದರೆ ಅವರು ನೆನಪಿಸುತ್ತಾರೆ.